ಲಕ್ಷದ ಮೇಲೆ ಮೂರು

ದಹಿಸರಿನ ತಿರುಮಲೇಶರ ಹೋಳಿಗೆ ಊಟಕ್ಕೆ ಕುತ್ತು ತಂದದ್ದು ಒಂದೇ ಒಂದು ಹತ್ತಿಬತ್ತಿ.

ಬಾಂದ್ರಾದ ಗೆಳೆಯನ ಮನೆಯಲ್ಲಿ ಒಂದು ಗಂಟೆಗೆ ಎಲೆ ಹಾಕುತ್ತಾರೆ. ಇಸ್ತ್ರಿ ಅಂಗಿ ತೊಟ್ಟು ಲೋಕಲ್ ಹಿಡಿಯಲು ಹೊರಟವರನ್ನು ಹೆಂಡತಿ ಸುಮಿತ್ರಾ ಹೊಸಿಲಲ್ಲೇ ತಡೆದಳು. ನಡುಮನೆಯಲ್ಲಿ ಸುಮಿತ್ರಾಳೂ ಸೇರಿ ಬಿಲ್ಡಿಂಗಿನ ಕನ್ನಡದ ಹೆಂಗಸರು ಹತ್ತು ಜನ, ಉರಿಯುವ ದೀಪ, ಹಿಮಾಲಯದಷ್ಟು ಹತ್ತಿ. ಕಾರ್ತಿಕಕ್ಕೆ ಲಕ್ಷಬತ್ತಿ ಹೊಸೆಯಬೇಕಿತ್ತು.

"ರೀ, ಸಂಕಲ್ಪ ಯಜಮಾನ್ರೇ ಹೇಳ್ಬೇಕು. ಅಕ್ಷತೆ ಹಿಡ್ಕೊಂಡು ಲೆಕ್ಕ ಹೇಳಿ, ದೀಪಕ್ಕೆ ಹಾಕಿ, ಹೋಗಿ. ಎರಡೇ ನಿಮಿಷ."

"ಎಲ್ಲರಿಗೂ ಸಮಪಾಲು ಬರ್ಬೇಕು, ಆಯ್ತಾ?" ಎಂದರು ಗುಂಪಿಗೇ ಹಿರಿಯರಾದ ಉಡುಪಿಯ ವಿನೋದಿನಿಯಮ್ಮ. ಹೋದ ವರ್ಷ ಯಾರೋ ನಾಲ್ಕು ಬತ್ತಿ ಹೆಚ್ಚು ಹೊಸೆದು ಪುಣ್ಯ ಹೊಡೆದುಕೊಂಡರೆಂದು ಎರಡು ಮನೆಗಳ ನಡುವೆ ಸಾಂಬಾರಿನ ಬಟ್ಟಲು ಓಡಾಡುವುದೇ ನಿಂತಿತ್ತು.

"ಹತ್ತು ಜನ, ಲಕ್ಷ ಬತ್ತಿ. ತಲೆಗೆ ಹತ್ತು ಸಾವಿರ. ಬರ್ಲಾ?"

"ಸೊನ್ನೆಯಲ್ಲಿ ಮುಗಿಸುವುದುಂಟಾ ಮಾರಾಯ್ರೆ? ಮೇಲೊಂದು ಬೇಕು."

ಲಕ್ಷದ ಒಂದನ್ನು ಹತ್ತಕ್ಕೆ ಹಂಚಿದರೆ ಒಂದು ಬತ್ತಿ ಮಿಕ್ಕಿತು. ಅದಕ್ಕೆ ಹತ್ತೂ ಜನ ಟ್ಯಾಂಕರ್ ನೀರಿಗೆ ಬಿದ್ದಂತೆ ಬಿದ್ದರು. ತಿರುಮಲೇಶರು ಒಬ್ಬರನ್ನು ಬಿಟ್ಟು ಒಂಬತ್ತಕ್ಕೆ ಹಂಚಿದರು, ಎರಡು ಮಿಕ್ಕಿತು. ಎಂಟಕ್ಕೆ ಹಂಚಿದರೆ ಒಂದು. ಏಳಕ್ಕೆ ಹಂಚಿದರೆ ಆರು! ಹಂಚಿದಷ್ಟೂ ತಲೆಯೊಳಗೆ ಬೆಳಗಿನ ಲೋಕಲ್ಲಿನ ನೂಕುನುಗ್ಗಲು. ಯಾವ ಅಂಕಿ ಹತ್ತಿತು, ಯಾವುದು ಇಳಿಯಿತು, ಒಂದೂ ಗೊತ್ತಾಗಲಿಲ್ಲ.

ಕಾಂದಿವಲಿಯಲ್ಲಿ ಗಣಿತದ ಟ್ಯೂಶನ್ ನಡೆಸುವ ಹರಿಣಿ ಮೊಬೈಲ್ ಒತ್ತಿದಳು. "ಅಂಕಲ್, ಹನ್ನೊಂದು ಜನ ಆದ್ರೆ ಬರಾಬರ್! ಒಬ್ರಿಗೆ ಒಂಬತ್ತು ಸಾವಿರದ ತೊಂಬತ್ತೊಂದು. ಏನೂ ಮಿಗಲ್ಲ."

"ಹನ್ನೊಂದನೇವ್ರು ಯಾರು?"

ಇಪ್ಪತ್ತು ಕಣ್ಣು ಅವರ ಕಡೆಗೇ ತಿರುಗಿದವು. ತಿರುಮಲೇಶರು ಗಡಿಯಾರ ನೋಡಿದರು. ಈ ಹಾಳು ಲೆಕ್ಕ ಹನ್ನೊಂದಕ್ಕೆ ಹೋಗದ ಹಾಗೆ ಮಾಡಿದರೆ ತಾನು ಪಾರು!

"ಮೇಲೆ ಒಂದ್ಯಾಕೆ, ಮೂರಿರ್ಲಿ! ತ್ರಿಮೂರ್ತಿಗಳಿಗೆ ಒಂದೊಂದು. ಒಂದು ಲಕ್ಷದ ಮೂರು!" ಎಂದವರೇ ಅಕ್ಷತೆಯನ್ನು ದೀಪಕ್ಕೆ ಎರಚಿಬಿಟ್ಟರು. "ಹನ್ನೊಂದಕ್ಕೆ ಹೋಗಲ್ಲ ತಾನೇ?"

"ಹೋಗಲ್ಲ ಅಂಕಲ್."

ಒಂದು ಕಾಲು ಚಪ್ಪಲಿಯೊಳಗೆ ಹೋಗಿಯೂ ಆಗಿತ್ತು.

"ಅಂಕಲ್, ರುಕೋ! ಹತ್ತಕ್ಕೂ ಹೋಗಲ್ಲ, ನೂರಕ್ಕೂ ಹೋಗಲ್ಲ, ಯಾವುದಕ್ಕೂ ಹೋಗಲ್ಲ. ಇದು ಪ್ರೈಮ್ ನಂಬರ್! ಸಮ ಹಂಚೋಕೆ ಲಕ್ಷದ ಮೂರು ಜನ ಬೇಕು. ಇಲ್ಲಾಂದ್ರೆ ಒಬ್ರೇ ಮಾಡ್ಬೇಕು."

"ಹಾಗಾದ್ರೆ... ಹಳೇ ಲೆಕ್ಕಾನೇ ಇರ್ಲಿ. ನಾನೂ ಕೂತ್ಕೋತೀನಿ."

"ಅಕ್ಷತೆ ಬಿದ್ದಾಯ್ತಲ್ಲ!" ವಿನೋದಿನಿಯಮ್ಮ ಕೆನ್ನೆ ಬಡಿದುಕೊಂಡರು. "ದೀಪದ ಮುಂದೆ ಹೇಳಿದ್ದನ್ನು ಬದಲಿಸ್ಲಿಕ್ಕಿಲ್ಲ. ಒಬ್ಬರೇ ಅಂದ್ರೆ ಒಬ್ಬರೇ. ಯಾರು ಹೇಳಿದ್ರೋ ಅವರೇ."

ಹತ್ತೂ ಹೆಂಗಸರು ಸೊಂಟ ನೆಟ್ಟಗೆ ಮಾಡಿಕೊಂಡು ಎದ್ದರು, ಪರೀಕ್ಷೆ ರದ್ದಾದ ಮಕ್ಕಳ ಹಾಗೆ. ಸುಮಿತ್ರಾ ಹಿಮಾಲಯವನ್ನು ಗಂಡನ ಮಡಿಲಿಗೆ ತಳ್ಳಿ ಒಳಗೆ ಹೋದವಳು ರೇಷ್ಮೆ ಸೀರೆಯುಟ್ಟು ಬಂದಳು.

"ನೀನೆಲ್ಲಿಗೆ?"

"ಬಾಂದ್ರಾಕ್ಕೆ ರೀ. ಕರೆದವರ ಮನೇಲಿ ಎಲೆ ಖಾಲಿ ಬಿಡಬಾರ್ದು. ಹೋಳಿಗೆ ಎಷ್ಟು ತಿಂದೆ ಅಂತ ಬಂದು ಲೆಕ್ಕ ಹೇಳ್ತೀನಿ, ನೀವು ಹೊಸೀತಿರಿ."