ಗೋಡೆಯ ಜೇಬಿನ ಬಾಗಿಲು

ಮೂವತ್ತೊಂದು ವರ್ಷಗಳ ದಾಂಪತ್ಯದಲ್ಲಿ ನಾನು ತಪ್ಪು ಮಾಡಿದ್ದೇನೆಂದು ಸಾಬೀತುಪಡಿಸಲು ನನ್ನ ಗಂಡ ಮರ್ವಿನ್‌ಗೆ ಒಮ್ಮೆಯೂ ಸಾಧ್ಯವಾಗಿರಲಿಲ್ಲ. ಅವನು ಪ್ರಯತ್ನಿಸಲಿಲ್ಲವೆಂದಲ್ಲ, ಪ್ರಯತ್ನಿಸಿದಾಗಲೆಲ್ಲ ಆ ಪ್ರಯತ್ನದಲ್ಲಿದ್ದ ತಪ್ಪುಗಳನ್ನು ನಾನು ಎತ್ತಿ ತೋರಿಸಿದ್ದೇನೆ. ಇಂಥ ನಿಷ್ಕಳಂಕ ಚರಿತ್ರೆಗೆ ಕಳೆದ ಮಾರ್ಚ್ ತಿಂಗಳ ಒಂದು ಶನಿವಾರ, ಟಿಮರೂ ಪಟ್ಟಣದ ನಮ್ಮ ಮನೆಯಲ್ಲಿ, ಬಚ್ಚಲಿನ ಬಾಗಿಲ ಬಳಿ ಕುಂದು ಒದಗಿತು. ಬೇರೆಯವರು ಹೇಳುವುದಕ್ಕಿಂತ ಅದನ್ನು ನಾನೇ ಹೇಳುವುದು ಮೇಲು. (ರೋನಾ ಈಗಾಗಲೇ ಊರಿಗೆಲ್ಲ ಹೇಳಿದ್ದಾಳೆ, ಆದರೆ ಅವಳ ವರದಿಗಳಲ್ಲಿ ಸತ್ಯಕ್ಕಿಂತ ಉಪ್ಪುಖಾರ ಹೆಚ್ಚು.)

ರೋನಾ ಮರ್ವಿನ್‌ನ ಅಕ್ಕ. ದೂರದ ಇನ್ವರ್‌ಕಾರ್ಗಿಲ್ ಊರಿನವಳು. ವರ್ಷಕ್ಕೊಮ್ಮೆ, ಒಂದು ಡಬ್ಬಿ ಚೀಸ್ ರೋಲ್ ಮತ್ತು ಎರಡು ತೀಕ್ಷ್ಣವಾದ ಕಣ್ಣುಗಳೊಂದಿಗೆ, ನಮ್ಮಲ್ಲಿ ಒಂದು ವಾರ ಇರಲು ಬರುತ್ತಾಳೆ. ಚೀಸ್ ರೋಲ್ ಎರಡು ದಿನಕ್ಕೆ ಮುಗಿಯುತ್ತದೆ. ಕಣ್ಣುಗಳು ಏಳೂ ದಿನ ಕೆಲಸ ಮಾಡುತ್ತವೆ. ನಮ್ಮ ಹಳೆಯ ಬಚ್ಚಲಿನ ಬಾಗಿಲು ಒಳಕ್ಕೆ ತೆರೆದು ಕೈತೊಳೆಯುವ ಬೇಸಿನ್ನಿಗೆ ಬಡಿಯುತ್ತಿತ್ತು. ಒಳಹೊಕ್ಕವರು ಗೋಡೆಗೆ ಬೆನ್ನು ಹಚ್ಚಿ, ಉಸಿರು ಬಿಗಿಹಿಡಿದು, ಅಡ್ಡಡ್ಡ ಸರಿದು, ಆಮೇಲೆ ಬಾಗಿಲು ಹಾಕಬೇಕು. ಹೋದ ವರ್ಷ ರೋನಾ ಬೆಳಗಿನ ತಿಂಡಿಯ ಮೇಜಿನ ಬಳಿ, ಪಕ್ಕದ ಮನೆಯವರ ಎದುರಿಗೇ ಹೇಳಿದಳು:

“ನಿಮ್ಮನೆ ಬಚ್ಚಲಿಗೆ ಹೋಗೋಕೆ ಏಡಿಯಾಗಿ ಹುಟ್ಟಿರ್ಬೇಕು ಕಣೇ, ನೋಲೀನ್.”

ಮರ್ವಿನ್ ನಕ್ಕ. ಬಾಯಿ ನಗುವುದನ್ನು ನಿಲ್ಲಿಸಿದ ಮೇಲೂ ಅವನ ಭುಜಗಳು ನಗುತ್ತಿದ್ದವು. ಮುಂದಿನ ಸಲ ರೋನಾ ಈ ಮನೆಯ ಬಚ್ಚಲಿಗೆ ಮಹಾರಾಣಿಯಂತೆ ನೇರವಾಗಿ ನಡೆದು ಹೋಗಬೇಕು, ಬಾಗಿಲಲ್ಲಿ ಹುಳುಕು ಹುಡುಕಲು ಅವಳಿಗೆ ಎಳ್ಳಷ್ಟೂ ಎಡೆಯಿರಬಾರದು ಎಂದು ನಾನು ಅಂದೇ ನಿಶ್ಚಯಿಸಿದೆ.

“ಒಂದು ಪರದೆ ಹಾಕಿದ್ರೆ ಆಗಲ್ವಾ?” ಎಂದ ಮರ್ವಿನ್.

“ನಿನ್ನ ಅಕ್ಕ ಪರದೆ ಹಿಂದೆ ಸ್ನಾನ ಮಾಡೋಕೆ ಇದೇನು ನಾಟಕದ ಕಂಪನಿಯಾ?”

“ಹಾಗಾದ್ರೆ ಹೊರಗಡೆ ತೆಗೆಯೋ ಬಾಗಿಲು ಮಾಡ್ಸು.”

“ಪ್ಯಾಸೇಜಲ್ಲಿ ಹೋಗೋರ ಮೂಗಿನ ಗತಿ?”

“ಪ್ಯಾಸೇಜಲ್ಲಿ ಓಡಾಡೋದು ನಾವಿಬ್ರೇ ಅಲ್ವಾ, ನೋಲೀ.”

“ನನಗೂ ಮೂಗಿದೆ, ಮರ್ವಿನ್.”

ಉಳಿದದ್ದು ಒಂದೇ ಮಾರ್ಗ: ತೆರೆದಾಗ ಗೋಡೆಯೊಳಗೇ ಸರಿದು ಅಡಗಿಕೊಳ್ಳುವ ಬಾಗಿಲು. ಗೋಡೆಗೂ ಕಿವಿಯುಂಟೆಂದು ಹಿರಿಯರು ಹೇಳಿದ್ದಾರೆ. ಗೋಡೆಗೆ ಜೇಬೂ ಇರಬಹುದೆಂದು ಅವರಿಗೆ ತಿಳಿದಿರಲಿಲ್ಲ. ಮೂರು ಶನಿವಾರ ಅಂಗಡಿಗಳನ್ನು ಸುತ್ತಿ, ಒಂದೊಂದು ಬಾಗಿಲನ್ನೂ ಇಪ್ಪತ್ತು ಸಲ ತೆರೆದು ಮುಚ್ಚಿ, ಹಳಿಯ ಸದ್ದಿಗೆ ಕಿವಿಯಿಟ್ಟು, ಮಾರುವವನ ಸಹನೆಯನ್ನೂ ಅಷ್ಟೇ ಶ್ರದ್ಧೆಯಿಂದ ಪರೀಕ್ಷಿಸಿದೆ. ಒಳಗೆ ಟೊಳ್ಳಾದ ಹಗುರ ಬಾಗಿಲು ಸಾಕೆಂದು ಅವನೂ ಮರ್ವಿನ್ನೂ ಒಮ್ಮತದಿಂದ ನುಡಿದರು. ಟೊಳ್ಳಿಗೆ ನನ್ನ ಮನೆಯಲ್ಲಿ ಸ್ಥಾನವಿಲ್ಲ (ಮರ್ವಿನ್ ಮದುವೆಯಿಂದ ಬಂದವನು, ಅವನ ಮಾತು ಬೇರೆ). ಗಟ್ಟಿ ಮರದ ಬಾಗಿಲನ್ನೇ ಆರಿಸಿದೆ. ಈ ಗಟ್ಟಿತನ ಮುಂದೆ ನನಗೇ ಎದುರು ನಿಲ್ಲಲಿತ್ತು.

ಕೂರಿಸಲು ಬಂದ ಬಡಗಿ ಹೋನೆ ಎಂಬ ಮಾವೊರಿ ಜನಾಂಗದ ತರುಣ. ಮೊದಲ ಮಾತಿಗೇ ನನ್ನನ್ನು “ಆಂಟಿ” ಎಂದ.

“ನಾನು ನಿನ್ನ ಆಂಟಿಯಲ್ಲ.”

“ಸರಿ, ಆಂಟಿ.”

ಎರಡು ದಿನ ಗೋಡೆ ಒಡೆದು, ಪೊಳ್ಳು ಚೌಕಟ್ಟು ನಿಲ್ಲಿಸಿ, ಮೇಲೆ ಹಳಿ ಕಟ್ಟಿ, ಬಾಗಿಲು ತೂಗಿಬಿಟ್ಟು, ಎರಡೂ ಕಡೆ ತೆಳು ಹಲಗೆ ಹೊದಿಸಿ ಬಣ್ಣ ಬಳಿದ. ಬಾಗಿಲು ಒಂದು ಬೆರಳಿಗೆ ಮಣಿದು, ನಿಟ್ಟುಸಿರಿನಂತೆ ಸರಿದು ಮುಚ್ಚಿಕೊಂಡಿತು. ಕೊನೆಗೆ ಹೋನೆ ಪ್ಯಾಸೇಜಿನಲ್ಲಿ ನಿಂತು ಅಂಗೈಯಿಂದ ಗೋಡೆ ತಟ್ಟಿದ.

“ಇಲ್ಲಿಂದ ಆ ಮೂಲೆವರೆಗೆ ಗೋಡೆ ಅಂದ್ರೆ ಬರೀ ಸಿಪ್ಪೆ, ಆಂಟಿ. ತೆಗೆದಾಗ ಬಾಗಿಲು ಇದರೊಳಗೇ ಮಲಗಿರುತ್ತೆ. ಇಲ್ಲಿ ಮೊಳೆ ಗಿಳೆ ಹೊಡೀಬೇಡಿ. ಏನಾದ್ರೂ ತೂಗುಹಾಕ್ಬೇಕು ಅಂದ್ರೆ ಅಂಟಿಸೋ ಕೊಕ್ಕೆ ತಂದ್ಕೊಳ್ಳಿ.”

“ಅದನ್ನ ಅವನಿಗೆ ಹೇಳು,” ಎಂದು ನಾನು ಮರ್ವಿನ್‌ನತ್ತ ಬೊಟ್ಟು ಮಾಡಿದೆ. ರೈಲ್ವೆಯಿಂದ ನಿವೃತ್ತನಾದಾಗ ಉಡುಗೊರೆಯಾಗಿ ಬಂದ ಹಿತ್ತಾಳೆಯ ವಾಯುಭಾರಮಾಪಕವನ್ನು ಎದೆಗವಚಿಕೊಂಡು, ಅವನು ಆ ಹೊಸ ಗೋಡೆಯನ್ನೇ ಆಸೆಗಣ್ಣಿನಿಂದ ನೋಡುತ್ತ ನಿಂತಿದ್ದ.

ಬಾಯಿಮಾತಿನ ಎಚ್ಚರಿಕೆ ಈ ಮನುಷ್ಯನಿಗೆ ಸಾಲದು. ದಪ್ಪ ಕಾಗದದ ಮೇಲೆ, ಕಪ್ಪು ಶಾಯಿಯಲ್ಲಿ, ನನ್ನ ಅತ್ಯುತ್ತಮ ಅಕ್ಷರಗಳಿಂದ ಬರೆದೆ: ‘ಪ್ರಕಟಣೆ. ಈ ಗೋಡೆಗೆ ಯಾರೂ, ಯಾವ ಕಾರಣಕ್ಕೂ, ಮೊಳೆ ಹೊಡೆಯತಕ್ಕದ್ದಲ್ಲ. ನೋಲೀನ್ ಮೆಕಾಸ್ಕಿಲ್.’ ಮೊದಲು ಅಂಟುಪಟ್ಟಿಯಿಂದ ಗೋಡೆಗೆ ಹಚ್ಚಿದೆ. ಬಚ್ಚಲಿನ ಹಬೆಗೆ ಅದು ಎರಡು ಸಲ ಕಳಚಿಬಿತ್ತು. ಎರಡನೆಯ ಸಲ ಮರ್ವಿನ್ ಅದನ್ನು ನೆಲದಿಂದ ಎತ್ತಿಕೊಟ್ಟು, “ನಿನ್ನ ಕಾನೂನು ಬಿದ್ದೋಯ್ತು, ನೋಲೀ,” ಎಂದ. ಭುಜಗಳು ಅಲುಗಿದವು. ಶುಕ್ರವಾರ ಮಧ್ಯಾಹ್ನ ಅವನು ಬೌಲ್ಸ್ ಆಡಲು ಹೋದಾಗ, ಪ್ರಕಟಣೆಗೆ ಗಾಜಿನ ಚೌಕಟ್ಟು ಹಾಕಿ, ಇನ್ನೆಂದೂ ಬೀಳದಂತೆ, ನನ್ನ ಕಣ್ಣಿನ ಮಟ್ಟಕ್ಕೆ ಸರಿಯಾಗಿ, ನಾನೇ ತೂಗುಹಾಕಿದೆ.

ಅಂದು ಸಂಜೆ ಬಚ್ಚಲಿನಿಂದ ಮರ್ವಿನ್‌ನ ಧ್ವನಿ ಕೇಳಿತು. “ನೋಲೀ, ಬಾಗಿಲು ಹೊರಗೆ ಬರ್ತಿಲ್ಲ.”

“ನೀನು ಎಳೆಯೋ ರೀತಿ ಸರಿಯಿಲ್ಲ.”

ಸರಿಯಾದ ರೀತಿಯಲ್ಲಿ ನಾನು ಎಳೆದೆ. ಬರಲಿಲ್ಲ. ಇಬ್ಬರೂ ಸೇರಿ ಎಳೆದೆವು. ಗೋಡೆಯೊಳಗಿನ ಆ ಬಾಗಿಲು ಮುನಿಸಿಕೊಂಡ ಸೊಸೆಯಂತೆ ಮಿಸುಕಲಿಲ್ಲ. ಮರುದಿನ ಹನ್ನೊಂದಕ್ಕೆ ರೋನಾಳ ಬಸ್ಸು ಬರುವುದಿತ್ತು. ನಾನು ಹೋನೆಗೆ ಫೋನ್ ಮಾಡಿ ಅವನ ಕೆಲಸದ ಏಳು ದೋಷಗಳನ್ನು ಕ್ರಮವಾಗಿ ನಿವೇದಿಸಿದೆ.

“ನಾಳೆ ಮಧ್ಯಾಹ್ನ ಬರ್ತೀನಿ, ಆಂಟಿ. ಗೋಡೆಗೆ ಯಾರಾದ್ರೂ ಏನಾದ್ರೂ ಮಾಡಿದ್ರಾ?”

“ಈ ಮನೆಯಲ್ಲಿ ಆ ಗೋಡೆಗೆ ಯಾರೂ ಏನೂ ಮಾಡುವ ಹಾಗಿಲ್ಲ. ಲಿಖಿತ ಆದೇಶವಿದೆ.”

ಆದರೂ ನ್ಯಾಯದ ದೃಷ್ಟಿಯಿಂದ ಮರ್ವಿನ್‌ನನ್ನು ವಿಚಾರಣೆಗೆ ಗುರಿಪಡಿಸಿದೆ.

“ನಿಜ ಹೇಳು. ಆ ಹಿತ್ತಾಳೆ ಯಂತ್ರ ಎಲ್ಲಿ?”

“ಬೀರುವಿನಲ್ಲಿ, ಸಾಕ್ಸ್ ಪಕ್ಕ.”

“ಸುತ್ತಿಗೆ ಮುಟ್ಟಿದ್ಯಾ?”

“ಸುತ್ತಿಗೆ ನಿನ್ನ ಅಡಿಗೆಮನೆ ಡ್ರಾಯರಲ್ಲಿದೆ ಕಣೇ. ಅದು ಅಲ್ಲಿಗೆ ಹೇಗೆ ಬಂತು ಅಂತ ನಾನೇ ಕೇಳೋಣ ಅಂತಿದ್ದೆ.”

ವಿಷಯಾಂತರ ಮಾಡಬೇಡವೆಂದು ಅವನಿಗೆ ತಾಕೀತು ಮಾಡಿದೆ.

ರೋನಾ ಬಂದಳು. ಐದು ತಾಸಿನ ಬಸ್ಸಿನ ಪ್ರಯಾಣ ಮಾಡಿದ ಅರವತ್ತೆಂಟರ ಹೆಂಗಸು ಮೊದಲು ಕೇಳುವುದು ಚಹಾವನ್ನಲ್ಲ. ಟೋಪಿಯನ್ನೂ ತೆಗೆಯದೆ ಪ್ಯಾಸೇಜಿನಲ್ಲಿ ಮಹಾರಾಣಿಯಂತೆ ನೇರವಾಗಿ ನಡೆದು ಹೋದಳು (ಇಷ್ಟು ಮಾತ್ರ ನನ್ನ ಯೋಜನೆಯಂತೆಯೇ ನಡೆಯಿತು). ಬಾಗಿಲಿಗಾಗಿ ಅತ್ತಿತ್ತ ತಡವಿದಳು.

“ನೋಲೀನ್, ಬಾಗಿಲೆಲ್ಲಿ?”

“ಗೋಡೆಯೊಳಗಿದೆ, ರೋನಾ.”

“ಅಲ್ಲಿದ್ದು ಯಾರಿಗೆ ಉಪಯೋಗ?”

ಮರ್ವಿನ್ ಊಟದ ಮೇಜಿನ ಬಟ್ಟೆಯನ್ನು ಎರಡೂ ಕೈಗಳಿಂದ ಅಗಲಕ್ಕೆ ಹಿಡಿದು, ಬಾಗಿಲ ತೆರಪಿಗೆ ಬೆನ್ನು ಹಾಕಿ, ದ್ವಾರಪಾಲಕನಂತೆ ನಿಂತ. ಒಳಗಿನ ಸದ್ದು ಹೊರಗೆ ಕೇಳದಿರಲೆಂದು ಅವನು ಹಾಡಬೇಕೆಂದೂ ರೋನಾಳ ಅಪ್ಪಣೆಯಾಯಿತು. ಅವನಿಗೆ ಬರುವುದು ಶಾಲೆಯಲ್ಲಿ ಕಲಿತ ಎರಡು ಸಾಲು. ಅವನ್ನೇ ಹದಿನಾಲ್ಕು ಸಲ ಹಾಡಿದ. ನಡುವೆ ಉಸಿರೆಳೆಯಲು ನಿಂತಾಗ ಒಳಗಿನಿಂದ ಗುಡುಗು ಕೇಳಿತು: “ಮರ್ವೀ, ನಿಲ್ಲಿಸ್ಬೇಡ್ವೋ!”

ಹೊರಬಂದ ರೋನಾ ಟೋಪಿ ಸರಿಪಡಿಸಿಕೊಂಡು ನನ್ನನ್ನು ನೋಡಿದಳು. “ಹೋದ ವರ್ಷ ಏಡಿ. ಈ ವರ್ಷ ಬಯಲಿನ ಹಸು. ಮುಂದಿನ ವರ್ಷ ಏನು ಮಾಡ್ತೀಯೋ, ತಾಯಿ.”

ಬಾಗಿಲು ಮುಚ್ಚದಿದ್ದಾಗ ಬಾಯಿ ಮುಚ್ಚುವುದೇ ಲೇಸು. ಮುಚ್ಚಿದೆ. ನನ್ನ ಕೋಪವನ್ನೆಲ್ಲ ಹೋನೆಗಾಗಿ ಕಾದಿರಿಸಿದೆ.

ಅವನು ಎರಡು ಗಂಟೆಗೆ ಬಂದ. ಮರ್ವಿನ್, ರೋನಾ ಇಬ್ಬರ ಸಮ್ಮುಖದಲ್ಲಿ ಏಳೂ ದೋಷಗಳನ್ನು ಮತ್ತೊಮ್ಮೆ ಓದಿ ಹೇಳಿದೆ. ಅವನು ಕೈಕಟ್ಟಿ ಕೇಳಿದ. ಹಳಿಗೆ ಟಾರ್ಚು ಹಾಕಿ ನೋಡಿದ. ಬಾಗಿಲನ್ನು ಮೆಲ್ಲನೆ ಅಲುಗಿಸಿ, ಕಿವಿಗೊಟ್ಟು ಆಲಿಸಿದ. ಆಮೇಲೆ ಪ್ಯಾಸೇಜಿಗೆ ಬಂದು ನನ್ನ ಪ್ರಕಟಣೆಯ ಮುಂದೆ ನಿಂತು, ಅದನ್ನು ನಿಧಾನವಾಗಿ ಎರಡು ಸಲ ಓದಿದ.

“ಅಕ್ಷರ ಚೆನ್ನಾಗಿದೆ, ಆಂಟಿ.”

“ಅದು ನನಗೆ ಗೊತ್ತು.”

“ಇದು ಯಾವುದರ ಮೇಲೆ ನಿಂತಿದೆ?”

ಬದುಕಿನಲ್ಲಿ ನಾನು ಅನೇಕ ಮೌನಗಳನ್ನು ಕಂಡಿದ್ದೇನೆ. ಬಹುಪಾಲು ನಾನೇ ಉಂಟುಮಾಡಿದವು. ಈ ಮೌನ ಮಾತ್ರ ನನ್ನ ಕಡೆಗೇ ನಡೆದು ಬಂದು ನನ್ನ ಮುಂದೆ ನಿಂತಿತು. ಹೋನೆ ಒಂದೇ ಬೆರಳಿನಿಂದ ಚೌಕಟ್ಟನ್ನು ಎತ್ತಿದ. ಅದರ ಹಿಂದೆ, ಎಂದೂ ಬೀಳದಿರಲೆಂದು ನಾನೇ ಆರಿಸಿದ ಮೂರಂಗುಲದ ಮೊಳೆಯಿತ್ತು. ತೆಳು ಹಲಗೆಯನ್ನು ದಾಟಿ, ಒಳಗೆ ಮಲಗಿದ್ದ ಗಟ್ಟಿ ಮರದ ಬಾಗಿಲಿನ ಹೃದಯವನ್ನು ಅದು ಹೊಕ್ಕಿತ್ತು. ಟೊಳ್ಳು ಬಾಗಿಲಾಗಿದ್ದರೆ ಬಹುಶಃ ಕ್ಷಮಿಸಿ ಬಿಟ್ಟುಕೊಡುತ್ತಿತ್ತು.

ಅವನು ಇಕ್ಕಳದಿಂದ ಮೊಳೆ ಕಿತ್ತ. ಬಾಗಿಲು ಒಂದು ನಿಟ್ಟುಸಿರು ಬಿಟ್ಟು ತಾನೇ ಒಂದು ಗೇಣು ಹೊರಗೆ ಬಂತು. ರೋನಾ ಕನ್ನಡಕ ಏರಿಸಿ, ಚೌಕಟ್ಟನ್ನು ಹೋನೆಯ ಕೈಯಿಂದ ತೆಗೆದುಕೊಂಡು, ಚರ್ಚಿನಲ್ಲಿ ಪಾಠ ಓದುವ ಧ್ವನಿಯಲ್ಲಿ ಮೊದಲಿನಿಂದ ಕೊನೆಯವರೆಗೆ, ನನ್ನ ಹೆಸರಿನ ಸಮೇತ, ಓದಿದಳು. ನಾನು ಮರ್ವಿನ್‌ನನ್ನು ನೋಡಿದೆ. ಅವನು ನಗಲಿಲ್ಲ. ಭುಜಗಳೂ ಅಲುಗಲಿಲ್ಲ. ಗಂಭೀರವಾಗಿ ಬಚ್ಚಲಿಗೆ ಹೋಗಿ ಒಂದು ಬೆರಳಿನಿಂದ ಬಾಗಿಲು ಎಳೆದುಕೊಂಡ. ಅದು ಸೊಗಸಾಗಿ, ಸಂದಿಲ್ಲದಂತೆ, ಮುಚ್ಚಿತು.

ಆಮೇಲೆ ಹತ್ತು ನಿಮಿಷ ಅದರ ಹಿಂದಿನಿಂದ ಕೇಳಿಬಂದದ್ದನ್ನು ಇಲ್ಲಿ ವಿವರಿಸಲಾರೆ. ಯಾವ ಹಾಡೂ ಅದನ್ನು ಮುಚ್ಚುತ್ತಿರಲಿಲ್ಲ.

“ಬಾಗಿಲು ಚೆನ್ನಾಗಿದೆ, ನೋಲೀನ್,” ಎಂದಳು ರೋನಾ. ಮೂವತ್ತೊಂದು ವರ್ಷಗಳಲ್ಲಿ ಅವಳು ನನ್ನ ಮನೆಯ ವಸ್ತುವೊಂದನ್ನು ಹೊಗಳಿದ್ದು ಅದೇ ಮೊದಲು.

ಬಾಗಿಲಿನ ತೂತನ್ನು ಹೋನೆ ಮೇಣ ಮೆತ್ತಿ ಮುಚ್ಚಿದ್ದಾನೆ. ಆದರೂ ಪ್ರತಿ ಸಲ ಬಾಗಿಲು ಎಳೆದಾಗ ಆ ಕಲೆ ಗೋಡೆಯಿಂದ ಹೊರಬಂದು, ಸರಿಯಾಗಿ ನನ್ನ ಕಣ್ಣಿನ ಮಟ್ಟದಲ್ಲಿ ನಿಂತು, ನನ್ನನ್ನು ನೋಡುತ್ತದೆ. ಪ್ರಕಟಣೆ ಈಗಲೂ ಅದೇ ಜಾಗದಲ್ಲಿದೆ, ಅಂಟಿಸುವ ಕೊಕ್ಕೆಯ ಮೇಲೆ. ಅದರಲ್ಲಿ ‘ಯಾರೂ’ ಎಂಬ ಪದದ ಕೆಳಗೆ ಹೊಸದೊಂದು ಗೆರೆಯಿದೆ. ಅದನ್ನು ಎಳೆದದ್ದು ರೋನಾ ಎಂದು ಮರ್ವಿನ್ ನಂಬಿದ್ದಾನೆ. ಮರ್ವಿನ್ ಎಂದು ರೋನಾ ನಂಬಿದ್ದಾಳೆ. ಕಪ್ಪು ಶಾಯಿಯ, ಅಳತೆಪಟ್ಟಿ ಇಟ್ಟು ಎಳೆದ, ಕೂದಲಿನಷ್ಟೂ ಡೊಂಕಿಲ್ಲದ ಗೆರೆ ಅದು. ನಮ್ಮ ಮನೆಯಲ್ಲಿ ಅಳತೆಪಟ್ಟಿ ಇಟ್ಟು ಗೆರೆ ಎಳೆಯುವವರು ಒಬ್ಬರೇ.