ಮುಂದಾಲೋಚನೆಯ ಕಾರ್ಡು

"ಬಾರವಾ ಶಕುಂತಲಾ, ನೋಡು! ಇನ್ನ ನಿನ್ನ ಕಂಪ್ಯೂಟರ್ ಕುದುರಿ ಓಡಿದಂಗ ಓಡ್ತೈತಿ!" ಎಂದು ವಿರೂಪಾಕ್ಷಪ್ಪ ಸ್ಕ್ರೂಡ್ರೈವರನ್ನು ಖಡ್ಗದಂತೆ ಎತ್ತಿ ಹಿಡಿದು ಘೋಷಿಸಿದರು.

ಶಕುಂತಲಾ ತನ್ನ ಫೋಟೋ ಸ್ಟುಡಿಯೋದ ಬಾಗಿಲಲ್ಲೇ ನಿಂತುಬಿಟ್ಟಳು. ಅವಳ ಹನ್ನೆರಡು ವರ್ಷದ ಕಂಪ್ಯೂಟರ್ ಹೊಟ್ಟೆ ಬಿಚ್ಚಿಕೊಂಡು ಟೇಬಲ್ ಮೇಲೆ ಮಲಗಿತ್ತು. ಒಂದು ಮದುವೆಯ ಆಲ್ಬಮ್ ತೆರೆಯಲು ಅದು ತೆಗೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ ಇನ್ನೊಂದು ಮದುವೆಯನ್ನೇ ಮುಗಿಸಬಹುದಿತ್ತು. ಅದಕ್ಕೇ, ಐಟಿಐನಲ್ಲಿ ಪಾಠ ಹೇಳಿ ನಿವೃತ್ತರಾಗಿದ್ದ ಗಂಡನ ಅಣ್ಣ ವಿರೂಪಾಕ್ಷಪ್ಪ "ಹೊಸಾ ಗ್ರಾಫಿಕ್ಸ್ ಕಾರ್ಡ್ ನಾ ಹಾಕಿಕೊಡ್ತೀನಿ" ಎಂದಾಗ ಹ್ಞೂಂ ಅಂದಿದ್ದಳು. ಅವರೇ ಸುಧಾರಿಸಿಕೊಟ್ಟ ಗ್ರೈಂಡರು ಹಿಂದೊಮ್ಮೆ ದೋಸೆ ಹಿಟ್ಟನ್ನು ಸೀಲಿಂಗ್ ಫ್ಯಾನಿಗೆ ಬಡಿಸಿದ್ದು ಆಗ ನೆನಪಿಗೆ ಬರಲಿಲ್ಲ.

"ಭಾವಾರ, ಗರಗಸ ಯಾಕ್ರೀ ಇಲ್ಲೆ?"

"ಕಾರ್ಡ್ ಉದ್ದ ಆತು. ಡಬ್ಬಿ ಒಳಗ ಸ್ವಲ್ಪ ಕೊಯ್ದೆ."

"ಕೊಯ್ದ್ರಿ?!"

"ನಾಕ ಬೆರಳವಾ! ಅದಕ್ಯಾಕ ಇಷ್ಟು ಗಾಬರಿ?"

ಕಾರ್ಡು ಇಟ್ಟಿಗೆಯಷ್ಟು ಭಾರವಿತ್ತು. ಜೋತು ಬೀಳದಿರಲೆಂದು ಕೆಳಗೆ ಅವಳದೇ ಲಟ್ಟಣಿಗೆ ಆನಿಸಿದ್ದರು. ಹಳೆಯ ಪವರ್ ಸಪ್ಲೈ ಸಾಲದೆ ಇನ್ನೊಂದನ್ನು ಸ್ಟೂಲಿನ ಮೇಲಿಟ್ಟು ವೈರು ಎಳೆದಿದ್ದರು.

"ಈಗಿನ ಕಾರ್ಡುಗಳು ಮುಂದಿನ ಚಿತ್ರ ಹೆಂಗಿರ್ತೈತಿ ಅಂತ ಊಹಿಸಿ ಮೊದಲ ತೋರಿಸಿಬಿಡ್ತಾವ. ಅದಕ್ಕ ಅಷ್ಟು ಜೋರು! ಆದರ ಆ ಊಹೆ ರೆಪ್ಪಿ ಬಡಿಯೂದರೊಳಗ ಮುಗೀತೈತಿ. ನಾ ಒಂದು ಚಿಪ್ ಬೆಸುಗೆ ಹಾಕಿ ಅದು ಮುಂದ ನೋಡೂ ದೂರ ಸ್ವಲ್ಪ ಜಾಸ್ತಿ ಮಾಡೀನಿ."

"ಎಷ್ಟು ಜಾಸ್ತಿ?"

"ಅದನ್ನ ಅಳದಿಲ್ಲ."

ಸ್ವಿಚ್ ಹಾಕಿದರು. ಹಿಟ್ಟಿನ ಗಿರಣಿಯಂತೆ ಫ್ಯಾನು ಗುರ್ರೆಂದಿತು. ಕಂಪ್ಯೂಟರ್ ಮಾತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಎದ್ದು ಕೂತಿತು! ಶಕುಂತಲಾಗೆ ಭಾವನ ಕಾಲಿಗೆ ಬೀಳಬೇಕೆನಿಸಿತು.

ಅಷ್ಟರಲ್ಲಿ ಗಿರಾಕಿಗಳು ಬಂದರು. ಚನ್ನವೀರಪ್ಪ ಮತ್ತು ಅವರ ಮಗಳು ನೀಲಗಂಗಾ. ಹಿಂದಿನ ವಾರ ಕಲ್ಮೇಶನ ಜೊತೆ ನಡೆದ ನೀಲಗಂಗಾಳ ನಿಶ್ಚಿತಾರ್ಥಕ್ಕೆ ಶಕುಂತಲಾಳೇ ಫೋಟೋ ತೆಗೆದಿದ್ದಳು. ಲಗ್ನಪತ್ರಿಕೆಗೆ ಒಂದನ್ನು ಆರಿಸಬೇಕಿತ್ತು.

ಶಕುಂತಲಾ ಜಂಬದಿಂದ ಮೊದಲ ಫೋಟೋ ತೆರೆದಳು.

ನೀಲಗಂಗಾಳ ಪಕ್ಕದಲ್ಲಿ ಬೋಳು ತಲೆಯ ದಪ್ಪ ಗಂಡಸೊಬ್ಬ ನಿಂತಿದ್ದ.

"ಇಂವ ಯಾರು?" ಎಂದರು ಚನ್ನವೀರಪ್ಪ.

ಮೂಗು ಕಲ್ಮೇಶನದು. ಕಿವಿಯೂ ಅವನದೇ. ಕೂದಲು ಮಾತ್ರ ಎಲ್ಲೂ ಇರಲಿಲ್ಲ.

"ಅಳಿಯಂದಿರ ರೀ... ಇಪ್ಪತ್ತು ವರ್ಷ ಬಿಟ್ಟು," ಎಂದು ವಿರೂಪಾಕ್ಷಪ್ಪ ಸಂಭ್ರಮದಿಂದ ಕೂಗಿದರು. "ಊಹೆ ಕೆಲಸ ಮಾಡಾಕತ್ತೈತಿ!"

"ಭಾವಾರ, ಬಾಯಿ ಮುಚ್ರೀ!"

ಶಕುಂತಲಾ ಗಡಬಡಿಸಿ ಮುಂದಿನ ಫೋಟೋ ಒತ್ತಿದಳು. ಈಗ ಕಲ್ಮೇಶನ ಹೊಟ್ಟೆ ಚೌಕಟ್ಟಿನ ಆಚೆಗೂ ಹೋಗಿತ್ತು. ಒಂದೊಂದು ಸಲ ಒತ್ತಿದಾಗಲೂ ಕಾರ್ಡು ಹತ್ತು ಹತ್ತು ವರ್ಷ ಮುಂದಕ್ಕೆ ಜಿಗಿಯುತ್ತಿತ್ತು.

"ಎರಡು ತಿಂಗಳು ಹುಡುಕಿ ಇಂಥಾ ವರ ತಂದ್ನೇನು ನಾನು? ಈ ಸಂಬಂಧಾನ ಬ್ಯಾಡ!" ಚನ್ನವೀರಪ್ಪ ಎದ್ದು ನಿಂತರು.

ಶಕುಂತಲಾ ಗಾಬರಿಯಾದಳು. ತನ್ನ ಸ್ಟುಡಿಯೋದಿಂದ ಮದುವೆ ಮುರಿಯಿತೆಂದರೆ ಗದಗಿನಲ್ಲಿ ಇನ್ನು ಯಾರು ಅವಳ ಕ್ಯಾಮೆರಾದ ಮುಂದೆ ಹಲ್ಲು ಬಿಟ್ಟು ನಿಂತಾರು? ಪ್ಲಗ್ ಕೀಳಲು ಓಡಿದಳು. ಅಷ್ಟರಲ್ಲಿ ನೀಲಗಂಗಾ ಕುರ್ಚಿ ಎಳೆದುಕೊಂಡು ತಾನೇ ಮೌಸ್ ಹಿಡಿದಿದ್ದಳು.

ಕಟಕ್.

ಪರದೆಯಲ್ಲಿ ಒಬ್ಬ ಮುದುಕ, ಒಬ್ಬಳು ಮುದುಕಿ ಕಟ್ಟೆಯ ಮೇಲೆ ಕೂತಿದ್ದರು. ಮುದುಕಿ ಬೆರಳು ತೋರಿಸಿ ಏನೋ ಗದರುತ್ತಿದ್ದಳು. ಮುದುಕ ಬೊಚ್ಚುಬಾಯಿ ತೆರೆದು ನಗುತ್ತ, ಅವಳಿಗೆಂದು ಕಪ್ಪಿನಿಂದ ಸಾಸರಿಗೆ ಚಹಾ ಸುರಿಯುತ್ತಿದ್ದ.

ನೀಲಗಂಗಾ ಪರದೆಯತ್ತ ಬಾಗಿ ನೋಡಿದಳು.

"ಇಷ್ಟು ವರ್ಷ ಆದ ಮ್ಯಾಲೂ ನಾ ಬೈಯಾಕತ್ತೀನಿ, ಇವರು ಕೇಳಿ ನಗಾಕತ್ಯಾರ," ಎಂದಳು ಮೆಲ್ಲಗೆ. "ಅಪ್ಪಾ, ಕೂದಲಾ ಹೋದ್ರ ಹೋಗ್ಲಿ. ನಂಗ ಇವರ ಬೇಕು. ಪತ್ರಿಕೆಗೆ ಇದ ಫೋಟೋ ಇರ್ಲಿ!"

"ಇದು ಬ್ಯಾಡವಾ," ಎಂದಳು ಶಕುಂತಲಾ, ಕಣ್ಣೊರೆಸಿಕೊಳ್ಳುತ್ತ. "ಕ್ಯಾಮೆರಾದಾಗ ಅಸಲು ಫೋಟೋ ಅದಾವು."

ಚನ್ನವೀರಪ್ಪನವರ ಕೋಪ ಇಳಿದು ಕುತೂಹಲ ಏರಿತು. ಮೀಸೆ ತಿರುವಿದರು. "ಹಂಗಾದ್ರ ನಂದೂ ಒಂದು ತಗೀರಿ, ನೋಡೂಣು."

"ಬ್ಯಾಡ್ರೀ ಯಜಮಾನ್ರ! ಯಂತ್ರ ಕಾದೈತಿ!"

"ತಗಿಯವಾ! ಪ್ರಯೋಗ ಅರ್ಧಕ್ಕ ನಿಲ್ಲಬಾರದು!" ಎಂದರು ವಿರೂಪಾಕ್ಷಪ್ಪ.

ಬೇರೆ ದಾರಿ ಕಾಣದೆ ಶಕುಂತಲಾ ಅವರ ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಿದಳು. ಕಾರ್ಡು ನಡುಗಿತು, ಲಟ್ಟಣಿಗೆ ಹೊಗೆಯಾಡಿತು. ಪರದೆಯ ಮೇಲೆ ಒಂದು ಗೋಡೆ ಮೂಡಿತು. ಗೋಡೆಯ ಮೇಲೆ ಅದೇ ಫೋಟೋ, ಅದೇ ಮೀಸೆ. ಅದಕ್ಕೊಂದು ಹಾರ, ಮುಂದೆ ಎರಡು ಊದಿನಕಡ್ಡಿ.

ಫಟ್! ಕಾರ್ಡು ಸಿಡಿಯಿತು. ಲಟ್ಟಣಿಗೆ ಹಾರಿ ವಿರೂಪಾಕ್ಷಪ್ಪನವರ ಟೋಪಿಗೆ ಬಡಿಯಿತು. ಸ್ಟುಡಿಯೋ ತುಂಬ ಕರಿಹೊಗೆ!

ಕೆಮ್ಮುತ್ತ ಎಲ್ಲರೂ ಬೀದಿಗೆ ಬಂದರು. ಶಕುಂತಲಾ ಕೈ ಮುಗಿದಳು. "ಯಜಮಾನ್ರ, ಮನಸಿಗೆ ಹಚ್ಕೋಬ್ಯಾಡ್ರೀ. ಅದು ಬರೇ ಯಂತ್ರದ ಊಹೆ. ನೀವು ನೂರು ವರ್ಷ ಇರ್ತೀರಿ!"

ಚನ್ನವೀರಪ್ಪನವರ ಮುಖ ಕೆಂಪಾಗಿತ್ತು.

"ಅದು ಬಿಡ್ರೀ, ಎಲ್ಲಾರೂ ಹೋಗವರ. ಆದರ ನಲವತ್ತು ವರ್ಷ ಈ ಊರಾಗ ಹೂವಿನ ವ್ಯಾಪಾರ ಮಾಡೀನಿ ನಾನು. ನನ್ನ ಮಗ ನನಗ ಪ್ಲಾಸ್ಟಿಕ್ ಹಾರ ಹಾಕ್ಯಾನಲ್ರೀ!"