ದುರ್ಗಪ್ಪ ಹಾಕಿದ ನನ್ನ ವೇಷ

ಕಲೆಗೆ ಮಿತಿ ಇರಬೇಕೇ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಎರಡು ಉತ್ತರಗಳಿವೆ. ಕಲಾವಿದನ ಕೈಗೆ ಸಿಕ್ಕವನು ಬೇರೆಯವನಾದರೆ ಒಂದು, ನಾನಾದರೆ ಇನ್ನೊಂದು. ಈ ಎರಡನೆಯದು ನನ್ನೊಳಗಿದೆ ಎಂಬುದು ನಿವೃತ್ತಿ ಹತ್ತಿರ ಬರುವವರೆಗೂ ನನಗೇ ತಿಳಿದಿರಲಿಲ್ಲ. ಹಿಂದೊಮ್ಮೆ ಯಾವುದೋ ದೊಡ್ಡ ಊರಿನಲ್ಲಿ ಕಲಾವಿದನೊಬ್ಬ ಮೈಗೆಲ್ಲ ಕೆಸರು ಬಳಿದುಕೊಂಡು ಒಂದು ಕಚೇರಿಯ ಬಾಗಿಲಿಗೆ ಅಡ್ಡ ಮಲಗಿದ್ದನಂತೆ. ಅವನನ್ನು ದಾಟಿಕೊಂಡು ಹೋಗುವುದೇ ಜನರ ಪಾಲಿನ ಕಲೆಯಂತೆ. ಜನ ಠಾಣೆಗೆ ದೂರು ಕೊಟ್ಟರು. ನಾನು ಕೆರಳಿ, ಕಲೆಗೆ ಬೇಲಿ ಹಾಕಬೇಡಿ ಎಂದು ಪತ್ರಿಕೆಗೆ ಪತ್ರ ಬರೆದೆ. ಓದಿದ ಹೆಂಡತಿ, “ಅಂವ ನಮ್ಮ ಬಾಗಲದಾಗ ಮಕ್ಕೊಂಡಿದ್ರೂ ಹಿಂಗ ಬರೀತಿದ್ರೇನು?” ಎಂದಳು. ಕಲೆಯ ವಿಷಯ ನಿನಗೆ ತಿಳಿಯುವುದಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದೆ.

ಯಲಬುರ್ಗಾ ತಾಲ್ಲೂಕಿನ ಒಂದು ಹೈಸ್ಕೂಲಿಗೆ ನಾನು ಹೆಡ್‌ಮಾಸ್ಟರು. ಈ ವರ್ಷದ ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಗಂಗಾವತಿ ಕಡೆಯ ಹಗಲುವೇಷಗಾರ ದುರ್ಗಪ್ಪನನ್ನು ಕರೆಸಿದೆ. ಅವನ ಮನೆತನದವರು ತಲೆತಲಾಂತರದಿಂದ ಹಾಡುಹಗಲೇ ವೇಷ ಹಾಕಿ, ಊರವರ ಎದುರಿಗೇ ಊರವರನ್ನು ಆಡಿ ತೋರಿಸುವವರು. ಆಟದ ಅನುಮತಿ ಪತ್ರಕ್ಕೆ ಸಹಿ ಹಾಕಿ, ಅವನ ಕೈಗೆ ಕೊಡುತ್ತ ಹೇಳಿದೆ: “ನೋಡಪಾ, ನಿನಗ ಪೂರಾ ಸ್ವಾತಂತ್ರ್ಯ ಐತಿ. ಆದ್ರ ದೇವರ ವೇಷ ಬ್ಯಾಡ, ಯಾರಿಗರ ಬ್ಯಾಸರ ಆದೀತು. ರಾಜಕಾರಣಿ ಬ್ಯಾಡ, ಉದ್ಘಾಟನಾಕ್ಕ ಅವರ ಬರಾಕತ್ತಾರ. ಸಾವುಕಾರ ಬ್ಯಾಡ, ಶಾಮಿಯಾನ ಅವರದು. ಪೊಲೀಸರು ಬ್ಯಾಡ. ಹೆಣ್ಣಿನ ವೇಷ ಅಂತೂ ಬ್ಯಾಡೇ ಬ್ಯಾಡ.”

ದುರ್ಗಪ್ಪ ಒಂದೊಂದೇ ಬೆರಳು ಮಡಚುತ್ತ ಕೇಳಿಸಿಕೊಂಡ. ಕೊನೆಗೆ, “ಹಂಗಾದ್ರ ನೀವೊಬ್ರ ಉಳದ್ರಿ ನೋಡ್ರಿ ಸರ” ಎಂದ.

ಪಕ್ಕದಲ್ಲಿ ನಮ್ಮ ಗುಮಾಸ್ತೆ ಶಾರದಾ ಇದ್ದರು. ಕಲೆಗೆ ಬೇಲಿ ಬೇಡವೆಂದ ನನ್ನ ಪತ್ರವನ್ನು ಪತ್ರಿಕೆಯಿಂದ ಕತ್ತರಿಸಿ ಸೂಚನಾ ಫಲಕಕ್ಕೆ ಹಚ್ಚಿದ್ದೇ ಅವರು. ಇಲ್ಲ ಎನ್ನುವುದು ಹೇಗೆ? ನಕ್ಕು ಹೂಂ ಎಂದೆ. ಅಂದಿನಿಂದ ಎರಡು ದಿನ ಅವನು ಅಂಗಳದ ಬೇವಿನ ಗಿಡದ ಕೆಳಗೆ ಕೂತು, ನಾನು ಹೋಗುವುದು ಬರುವುದನ್ನು ನೋಡಿದ.

ಇಲ್ಲಿ ಹುಸೇನಸಾಬನ ಮಾತು ಹೇಳಬೇಕು. ಅವನು ನಮ್ಮ ಶಾಲೆಯ ಜವಾನ. ಗ್ಯಾದರಿಂಗ್ ಆದ ಎರಡನೇ ದಿನವೇ ಸಿದ್ದಾಪುರದಲ್ಲಿ ಅವನ ಮಗಳ ನಿಶ್ಚಯ. ಎರಡು ದಿನದ ರಜೆ ಕೇಳಿ ಅರ್ಜಿ ಕೊಟ್ಟಿದ್ದ. ಕುರ್ಚಿ ಎಣಿಸುವವರು ಯಾರು, ಶಾಮಿಯಾನ ಬಿಚ್ಚಿಸುವವರು ಯಾರು ಎಂದು ನಾನು ಅದನ್ನು ವಾರದಿಂದ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದೆ. ಕೇಳಿದಾಗಲೆಲ್ಲ “ನೋಡೋಣು” ಎನ್ನುತ್ತಿದ್ದೆ. ಬೀಗರ ಎದುರಿಗೆ ಹೆಣ್ಣಿನ ತಂದೆಯೇ ಇಲ್ಲದಿದ್ದರೆ ಏನಾಗುತ್ತದೆ ಎಂದು ನಾನು ಯೋಚಿಸಿದವನೇ ಅಲ್ಲ.

ಗ್ಯಾದರಿಂಗಿನ ದಿನ ದುರ್ಗಪ್ಪ ವೇದಿಕೆಗೆ ಬಂದಾಗ ಮೊದಲ ಸಾಲಿನಲ್ಲಿದ್ದ ನನ್ನ ಹೆಂಡತಿ “ಅಯ್ಯ!” ಎಂದಳು. ಅದೇ ಕನ್ನಡಕ, ಅದೇ ಅಂಗಿ, ಅದೇ ನಡಿಗೆ: ಅಲ್ಲಿ ನಿಂತವನು ಥೇಟ್ ನಾನೇ! ಮೈಕು ಚೆನ್ನಾಗಿದ್ದರೂ ಮೂರು ಸಲ ಬಡಿದ. ಮೇಲಧಿಕಾರಿಯ ಫೋನು ಬಂದಂತೆ ಮಾಡಿ, ಕುರ್ಚಿಯಿಂದ ಎದ್ದು, ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು “ಆತ್ರಿ ಸರ, ಆತ್ರಿ ಸರ” ಎಂದ. ಫೋನಿನಲ್ಲಿ ಮಾತಾಡುವಾಗ ಗುಂಡಿ ಹಾಕಿಕೊಳ್ಳುತ್ತೇನೆಂದು ನನಗೇ ಗೊತ್ತಿರಲಿಲ್ಲ! ಯಾರಿಗಾದರೂ ಇಲ್ಲ ಎನ್ನುವ ಮೊದಲು ನಾನು ಕನ್ನಡಕ ಒರೆಸುತ್ತೇನಂತೆ. ಅದನ್ನು ಮಾಡಿದಾಗ ಮಕ್ಕಳು ಬಿದ್ದು ಬಿದ್ದು ನಕ್ಕರು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಮೂವತ್ತು ವರ್ಷ ಜೊತೆಗಿದ್ದವರೂ ಕಾಣದ ನನ್ನನ್ನು ಎರಡೇ ದಿನದಲ್ಲಿ ಕಂಡ ಆ ಕಣ್ಣಿಗೆ ಕೈ ಮುಗಿಯಬೇಕೆನಿಸಿತು.

ಅಷ್ಟರಲ್ಲಿ ಹುಸೇನಸಾಬ ವೇದಿಕೆ ಹತ್ತಿದ. ಕೈಯಲ್ಲಿ ಹೊಸದಾಗಿ ಬರೆದ ಅರ್ಜಿ. ಅದನ್ನು ದುರ್ಗಪ್ಪನ ಮುಂದೆ ಹಿಡಿದು “ಸರ, ನಾಡಿದ್ದು ಮಗಳ ನಿಶ್ಚಯ ಐತ್ರಿ” ಎಂದ. ಇದು ಆಟದಲ್ಲಿ ಇರಲಿಲ್ಲ. ದುರ್ಗಪ್ಪ ಕನ್ನಡಕ ತೆಗೆದು ಒರೆಸತೊಡಗಿದ. ಈ ಸಲ ಒಬ್ಬರೂ ನಗಲಿಲ್ಲ. ಒರೆಸಿದ, ಒರೆಸಿದ, ಮತ್ತೆ ಹಾಕಿಕೊಂಡ. ಜೇಬಿನಿಂದ ಪೆನ್ನು ತೆಗೆದು ಸಹಿ ಹಾಕಿ, “ಹೋಗಿ ಬಾ ಹುಸೇನಸಾಬ, ಮಗಳಿಗೆ ಛಲೋ ಆಗ್ಲಿ” ಎಂದ. ಶಾಮಿಯಾನ ಹಾರಿಹೋಗುವಂತೆ ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಮೊದಲು ತಟ್ಟಿದವನು ನಾನೇ. ತಟ್ಟಿದ ಮೇಲೆ ಹೊಳೆಯಿತು: ಅವನು ಹಾಕಿದ್ದು ನನ್ನ ಸಹಿ!

ಮರುದಿನ ಬೆಳಿಗ್ಗೆ ಸಣಕಲು ಆಳೊಬ್ಬ ನನ್ನ ಕೋಣೆಗೆ ಬಂದು ಕೈ ಮುಗಿದ. ನಿನ್ನೆಯ ವೇಷವೇ ಕಣ್ಣಲ್ಲಿ ಕೂತಿದ್ದರಿಂದ ದುರ್ಗಪ್ಪ ಎಂದು ಥಟ್ಟನೆ ಗುರುತು ಹತ್ತಲಿಲ್ಲ. ಕೊನೆಯ ದಿನ ವೇಷವಿಲ್ಲದೆ ಬಂದು ಮರ್ಯಾದೆ ಪಡೆಯುವುದು ಹಗಲುವೇಷದವರ ಪದ್ಧತಿ. ಬಾಗಿಲ ಬಳಿ ಚೀಲ ಹಿಡಿದು ಹುಸೇನಸಾಬ ನಿಂತಿದ್ದ. ಅವನ ಅರ್ಜಿ ಶಾರದಾ ಅವರ ಮೇಜಿನ ಮೇಲಿತ್ತು.

“ದುರ್ಗಪ್ಪ, ವೇಷ ಹಾಕಾಕ ಹೇಳಿದ್ದೆ, ಸಹಿ ಹಾಕಾಕ ಅಲ್ಲ. ಮಿತಿ ಬ್ಯಾಡೇನು?” ಎಂದೆ, ಆದಷ್ಟು ಗಟ್ಟಿಯಾಗಿ.

“ಐತ್ರಿ ಸರ, ನಮಗೂ ಮಿತಿ ಐತಿ. ಇಲ್ಲದ್ದನ್ನ ಆಡಂಗಿಲ್ಲ” ಎಂದ. “ಸಹಿ ಹಾಕೋ ಮನಷ್ಯಾ ನಿಮ್ಮೊಳಗ ಕಂಡ, ಹಾಕಿದ್ನಿ. ಕಾಣದಿದ್ರ ಕನ್ನಡಕ ಒರಸಿ ಕಳಸ್ತಿದ್ನಿ.”

ಶಾರದಾ ಅವರಿಂದ ಅರ್ಜಿ ತರಿಸಿಕೊಂಡೆ. ದಾಖಲೆಗೆ ವೇಷದ ಸಹಿ ನಡೆಯುವುದಿಲ್ಲವೆಂದು ಅದರ ಕೆಳಗೆ ನನ್ನದೂ ಒಂದು ಹಾಕಿದೆ. ಮೇಲಿನದನ್ನು ನೋಡಿ ನೋಡಿ ಹಾಕಿದ್ದಕ್ಕೆ ಅದು ಕೊಂಚ ಸೊಟ್ಟಗಾಯಿತು. ಹುಸೇನಸಾಬ ಸಲಾಮು ಮಾಡಿ ಬಸ್ಸಿಗೆ ಓಡಿದ. ಶಾರದಾ ಮಾತ್ರ ಕಾಗದವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

“ಸರ, ಮ್ಯಾಲಿಂದು ಬರೋಬ್ಬರಿ ಐತ್ರಿ,” ಎಂದರು, “ಕೆಳಗಿಂದು ನಿಮ್ಮದಲ್ಲ ಅನಸ್ತೈತಿ.”